ಎರಡು ಕಂಪ್ಯೂಟರಿಗೆ ಒಂದೇ ವಿಳಾಸ!

ಒಂದೇ ಬೀದಿಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಅಂಚೆಯವನು ಅಪ್ಪನ ಹೆಸರು ಕೇಳಿಯಾದರೂ ಕಾಗದ ಮುಟ್ಟಿಸ್ತಾನೆ. ನೆಟ್‌ವರ್ಕ್ ಸ್ವಿಚ್ಚಿಗೆ ಅಷ್ಟು ತಾಳ್ಮೆ ಇಲ್ಲ ಸ್ವಾಮೀ!

ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಮ್ಯಾಕ್ ವಿಳಾಸ ಅಂತ ಒಂದಿರುತ್ತೆ. 48 ಬಿಟ್, ಅಂದರೆ 6 ಜೋಡಿ ಅಂಕಿ. ಸಾಮಾನ್ಯವಾಗಿ ಮೊದಲ 3 ಜೋಡಿ ಐಇಇಇ ಸಂಸ್ಥೆ ತಯಾರಕರಿಗೆ ಕೊಟ್ಟ ಗುರುತು, ಉಳಿದ 3 ತಯಾರಕರು ಹಾಕುವ ಕ್ರಮಸಂಖ್ಯೆ. ಒಂದೊಂದು ಗುರುತಿಗೂ 1 ಕೋಟಿ 67 ಲಕ್ಷಕ್ಕೂ ಹೆಚ್ಚು ವಿಳಾಸ. ಇಷ್ಟಿದ್ದೂ ಜಗಳ ಯಾಕೆ ಅಂತೀರಾ?

ಇಲ್ಲಿ ಅಮೆರಿಕದಲ್ಲಿ ನಮ್ಮ ಭಾನುವಾರದ ಕನ್ನಡ ತರಗತಿಗೆ ಗೆಳೆಯರೊಬ್ಬರು ರಿಪೇರಿಯಾದ ಹಳೇ ಡೆಸ್ಕ್‌ಟಾಪ್ ಎರಡನ್ನು ತಂದುಕೊಟ್ಟರು. ಒಂದನ್ನೇ ಹಾಕಿದರೆ ಇಂಟರ್ನೆಟ್ ಸರಾಗ. ಎರಡನ್ನೂ ಹಾಕಿದರೆ ಎರಡೂ ಮಂಕು. ಕೇಬಲ್ ಬದಲಾಯಿಸಿದ್ದಾಯ್ತು, ರೌಟರಿಗೆ ಶಾಪ ಹಾಕಿದ್ದಾಯ್ತು. ಕೊನೆಗೆ ವಿಳಾಸ ನೋಡಿದರೆ ಎರಡರಲ್ಲೂ 88:88:88:88:87:88!

ವಿಷಯ ಇಷ್ಟೇ. ಬೋರ್ಡಿನಲ್ಲೇ ಇಂಟೆಲ್ ಲ್ಯಾನ್ ಇರುವ ಎಷ್ಟೋ ಡೆಸ್ಕ್‌ಟಾಪ್‌ಗಳಲ್ಲಿ ಈ ವಿಳಾಸಕ್ಕೆ ಸ್ವಂತ ಮನೆ ಇಲ್ಲ. ಬಯಾಸ್ ಇರುವ ಫ್ಲಾಶ್ ಚಿಪ್ಪಿನಲ್ಲೇ ಜಿಬಿಇ ಅನ್ನೋ ಮೂಲೆಯಲ್ಲಿ ಬಾಡಿಗೆಗಿದೆ. ತಯಾರಕರ ಅಪ್‌ಡೇಟ್ ಸಾಮಾನ್ಯವಾಗಿ ಆ ಮೂಲೆ ಮುಟ್ಟಲ್ಲ. ಆದರೆ ಚಿಪ್ಪಿಗೆ ಕ್ಲಿಪ್ ಹಾಕಿ, ಎಲ್ಲಿಂದಲೋ ತಂದ ಫೈಲನ್ನು ಪೂರ್ತಿ ಬರೆದರೆ ವಿಳಾಸವೂ ಗೋವಿಂದ! ಆ 88ರ ಸಾಲು ಇಂಟೆಲ್‌ನ ಮಾದರಿ ಫೈಲಿನದು, ಅರ್ಜಿಯಲ್ಲಿ ಹೆಸರಿಗೆ ಬಿಟ್ಟ ಖಾಲಿ ಗೆರೆ ಇದ್ದ ಹಾಗೆ.

ಹಳೇ ವಿಳಾಸ ಎಲ್ಲಿ ಹುಡುಕೋದು? ಬೋರ್ಡಿನ ಮೇಲೋ ಲ್ಯಾನ್ ಸಾಕೆಟ್ ಮೇಲೋ ಪುಟ್ಟ ಚೀಟಿ ಅಂಟಿಸಿರ್ತಾರೆ. ಇಲ್ಲವೇ ರೌಟರಿನ ಹಳೇ ಪಟ್ಟಿ ನೋಡಿ. ವಿಂಡೋಸ್‌ನ ಡ್ರೈವರ್ ಸೆಟ್ಟಿಂಗಿನಲ್ಲೂ ಬೇರೆ ವಿಳಾಸ ಹಾಕಬಹುದು, ಆದರೆ ಅದು ಮೇಲೆ ಬಳಿದ ಸುಣ್ಣ. ವಿಂಡೋಸ್ ಮತ್ತೆ ಹಾಕಿದರೆ ಮತ್ತದೇ 88.

ಶಾಶ್ವತ ಪರಿಹಾರ ಬೇಕಂದ್ರೆ ಫ್ಲಾಶ್‌ರಾಮ್ ತಂತ್ರಾಂಶದಿಂದ ಇಡೀ ಚಿಪ್ಪನ್ನು ಓದಿ, ಮೂಲಪ್ರತಿ ಜೋಪಾನವಾಗಿಡಿ. ಜಿಬಿಇ ಭಾಗದಲ್ಲಿ ಒಂದೇ ಮಾಹಿತಿಯ ಎರಡು ಪ್ರತಿ ಇರುತ್ತವೆ. ಪ್ರತಿಯೊಂದರ ಮೊದಲ 6 ಬೈಟೇ ವಿಳಾಸ. ಎರಡರಲ್ಲೂ ತಿದ್ದಿ. ಅಲ್ಲಿಗೆ ಮುಗೀಲಿಲ್ಲ! ಎರಡೆರಡು ಬೈಟಿನ ಮೊದಲ 64 ಪದಗಳನ್ನು ಕೂಡಿದರೆ ಮೊತ್ತದ ಕೊನೆಯ 16 ಬಿಟ್ 47802 ಬರಬೇಕು. ಹೆಕ್ಸಾಡೆಸಿಮಲ್‌ನಲ್ಲಿ ಬರೆದರೆ ಅದು 'ಬಾಬಾ'! 64ನೇ ಪದ ಇರೋದೇ ಈ ಲೆಕ್ಕ ಸರಿದೂಗಿಸೋಕೆ. ಆಮೇಲೆ ಚಿಪ್ಪಿಗೆ ವಾಪಸ್ ಬರೆಯಿರಿ.

ನಮ್ಮ ಒಂದು ಯಂತ್ರದಲ್ಲಿ ಚೀಟಿ ಸಿಕ್ತು, ಇನ್ನೊಂದರದ್ದನ್ನು ಯಾರೋ ಕಿತ್ತಿದ್ದರು. ಅದಕ್ಕೆ ಹೊಸ ವಿಳಾಸವೇ ಗತಿ. ಮೊದಲ ಜೋಡಿಯ ಎರಡನೇ ಅಂಕಿ 2 ಅಥವಾ 6 ಇದ್ದರೆ ಅದು ಖಾಸಗಿ ವಿಳಾಸ, ಯಾವ ತಯಾರಕರ ಕ್ರಮಸಂಖ್ಯೆಗೂ ಅಡ್ಡ ಬರಲ್ಲ.

ಒಂದು ಮಾತು ನೆನಪಿಡಿ. ಬಯಾಸ್ ಕೆಟ್ಟಿದ್ದರೂ ಆ ಮೂಲೆ ಬಹಳ ಸಲ ಚೆನ್ನಾಗೇ ಇರುತ್ತೆ. ಹೊಸದು ಬರೆಯೋ ಮುಂಚೆ ಹಳೇದನ್ನು ಓದಿ ಇಟ್ಟುಕೊಂಡ್ರೆ ಇಷ್ಟೆಲ್ಲಾ ಪತ್ತೇದಾರಿಕೆ ಬೇಕಾಗಲ್ಲ.