ಟಿಬಿ ಮಾತ್ರೆಗೆ ಒಗ್ಗಿಹೋಗುವುದು ದೇಹವೇ?

‘ಮಾತ್ರೆ ತಿಂದು ತಿಂದು ಮೈ ಒಗ್ಗಿಹೋಗಿದೆ, ಅದಕ್ಕೇ ಟಿಬಿ ವಾಸಿಯಾಗುತ್ತಿಲ್ಲ’ ಅನ್ನುವ ಮಾತು ತಪ್ಪು. ಬದಲಾಗುವುದು ಮೈಯಲ್ಲ, ರೋಗಾಣು. ಅದರ ಜೀನೋಮ್‌ನಲ್ಲಿ ಸುಮಾರು 44 ಲಕ್ಷ ಅಕ್ಷರಗಳಿವೆ. ಒಂದೇ ಅಕ್ಷರ ಬದಲಾದರೂ ರಿಫಾಂಪಿಸಿನ್ ನಾಟದೆ ಹೋಗಬಹುದು.

ಸಿಬಿನ್ಯಾಟ್ ಪರೀಕ್ಷೆ ಸುಮಾರು 2 ಗಂಟೆಯಲ್ಲಿ ಹೇಳುವುದು ಈ ಔಷಧದ ವಿಷಯ ಮಾತ್ರ. ಇಡೀ ಜೀನೋಮ್ ಓದಿದರೆ ಹಲವು ಔಷಧಗಳ ವಿಷಯ ಒಟ್ಟಿಗೇ ತಿಳಿಯುತ್ತದೆ. 2018ರಲ್ಲಿ 16 ದೇಶಗಳ 10,209 ಮಾದರಿಗಳನ್ನು ಹೀಗೆ ನೋಡಿದಾಗ, ರಿಫಾಂಪಿಸಿನ್‌ಗೆ ಬಗ್ಗದ ರೋಗಾಣುಗಳಲ್ಲಿ ಶೇ. 97.5ರಷ್ಟು ಪತ್ತೆಯಾದವು. ಆದರೆ ಇದಕ್ಕೆ ಸಾಮಾನ್ಯವಾಗಿ ಕಫದ ರೋಗಾಣುವನ್ನು ಲ್ಯಾಬ್‌ನಲ್ಲಿ ವಾರಗಟ್ಟಲೆ ಬೆಳೆಸಬೇಕು.

ಒಂದೂ ಮಾತ್ರೆ ತಪ್ಪಿಸದವರಿಗೂ ಇಂಥ ಟಿಬಿ ಇನ್ನೊಬ್ಬರ ಕೆಮ್ಮಿನಿಂದ ಅಂಟಬಹುದು, ರೋಗಿಯನ್ನು ಬೈಯಬೇಡಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದವರು ಸರಕಾರಿ ಆಸ್ಪತ್ರೆಯಲ್ಲಿ ‘ಔಷಧ ನಾಟುತ್ತದೆಯೇ ಎಂಬ ಪರೀಕ್ಷೆ ಆಗಿದೆಯೇ?’ ಎಂದು ಕೇಳಿ. ಚಿಕಿತ್ಸೆಗೆ ಮಿರಜ್‌ಗೆ ಹೋದರೂ ಹಳೆಯ ವರದಿ ಜೊತೆಗೆ ಒಯ್ಯಿರಿ.