ಹೆಪ್ಪು ಹೀರಿದರೆ ಜೀವ ಉಳಿಯುತ್ತದೆಯೇ?

ಹೃದಯದ ರಕ್ತನಾಳದೊಳಗೆ ಇಳಿದು ಹೆಪ್ಪನ್ನು ಹೀರಿ ತೆಗೆಯುವ ಸಾಧನವೊಂದಿದೆ. ಹೆಸರು ಆಸ್ಪಿರೇಷನ್ ಕ್ಯಾಥೆಟರ್. ಉದ್ದ ಸುಮಾರು 140 ಸೆಂ.ಮೀ., ದಪ್ಪ 2 ಮಿ.ಮೀ.ಗಿಂತ ಕಡಿಮೆ. ಒಳಗೆ ಎರಡು ದಾರಿ: ಒಂದು, 0.36 ಮಿ.ಮೀ. ದಪ್ಪದ ತಂತಿಯ ಮೇಲೆ ಜಾರಿಕೊಂಡು ಹೋಗಲು, ಇನ್ನೊಂದು, ಹೀರಲು. ಹೊರತುದಿಗೆ ಸಿರಿಂಜ್ ಜೋಡಿಸಿ, ಅದರ ಹಿಡಿಯನ್ನು ಪೂರ್ತಿ ಹಿಂದಕ್ಕೆಳೆದು ಲಾಕ್ ಮಾಡುತ್ತಾರೆ. ಸಿರಿಂಜಿನೊಳಗೆ ನಿರ್ವಾತ ಉಂಟಾಗುತ್ತದೆ. ಸಿರಿಂಜ್ ಮತ್ತು ಕ್ಯಾಥೆಟರ್ ನಡುವಿನ ಕವಾಟ ತೆರೆದೊಡನೆ ರಕ್ತದ ಜೊತೆ ಹೆಪ್ಪೂ ಹೊರಗೆ ಬರುತ್ತದೆ. ಅದನ್ನು ಸಣ್ಣ ಜಾಲರಿಯ ಮೇಲೆ ಸುರಿದರೆ ರಕ್ತ ಸೋರಿಹೋಗಿ, ಕೆಲವೇ ಮಿಲಿಮೀಟರ್ ಉದ್ದದ ಕಡುಗೆಂಪು ಚೂರುಗಳು ಉಳಿಯುತ್ತವೆ.

ಆ ಚೂರು ಅಲ್ಲಿಗೆ ಬಂದದ್ದು ಹೇಗೆ? ಹೃದಯದ ಪ್ರಮುಖ ರಕ್ತನಾಳಗಳ ಒಳ ಅಗಲ ಮೂರ್ನಾಲ್ಕು ಮಿ.ಮೀ. ಅಷ್ಟೆ. ಅವುಗಳ ಗೋಡೆಯಲ್ಲಿ ವರ್ಷಗಟ್ಟಲೆ ಕೂತಿದ್ದ ಕೊಬ್ಬಿನ ಪದರ ಒಂದು ದಿನ ಬಿರಿಯುತ್ತದೆ. ಗಾಯವಾಯಿತೆಂದು ರಕ್ತದ ಪ್ಲೇಟ್‌ಲೆಟ್‌ಗಳು ಧಾವಿಸಿ ಅಂಟಿಕೊಳ್ಳುತ್ತವೆ. ಅವುಗಳ ಮೇಲೆ ಫೈಬ್ರಿನ್ ಎಳೆಗಳು ಬಲೆ ನೇಯುತ್ತವೆ, ಕೆಂಪು ರಕ್ತಕಣಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ನಾಳ ಮುಚ್ಚುತ್ತದೆ. ಅಲ್ಲಿಂದ ಮುಂದಿನ ಹೃದಯಸ್ನಾಯು ಸಾಯತೊಡಗುತ್ತದೆ.

ಮುಚ್ಚಿದ ನಾಳವನ್ನು ಬಲೂನಿನಿಂದ ತೆರೆದು ಸ್ಟೆಂಟ್ ಕೂರಿಸುವುದು ತುರ್ತು ಆಂಜಿಯೋಪ್ಲಾಸ್ಟಿ. ಇಲ್ಲೊಂದು ಅಪಾಯವಿದೆ. ಬಲೂನು ಒತ್ತಿದಾಗ ಹೆಪ್ಪು ಪುಡಿಯಾಗಿ ಮುಂದಿನ ಸೂಕ್ಷ್ಮನಾಳಗಳಿಗೆ ಜಾರಬಹುದು. ಅಡಿಕೆ ತೋಟದ ಡ್ರಿಪ್ ಪೈಪಿನಲ್ಲಿ ಕಟ್ಟಿದ ಕಸವನ್ನು ಬಡಿದು ಬಿಡಿಸಿದರೆ, ಅದು ಮುಂದೆ ಹೋಗಿ ಡ್ರಿಪ್ಪರ್‌ಗಳ ಬಾಯಿಗೆ ಕೂರುತ್ತದಲ್ಲ, ಹಾಗೆ. ದೊಡ್ಡ ನಾಳ ತೆರೆದಿದ್ದರೂ ಸ್ನಾಯುವಿಗೆ ರಕ್ತ ತಲುಪುವುದಿಲ್ಲ. ಆದ್ದರಿಂದ ಮೊದಲು ಹೆಪ್ಪು ಹೀರಿ, ಆಮೇಲೆ ಸ್ಟೆಂಟ್ ಹಾಕುವುದೇ ಸರಿ ಎಂದು ಎಲ್ಲರಿಗೂ ತೋರಿತು.

2008ರಲ್ಲಿ ನೆದರ್‌ಲೆಂಡ್ಸ್‌ನ ಗ್ರೋನಿಂಗನ್ ಆಸ್ಪತ್ರೆಯೊಂದರ 1,071 ರೋಗಿಗಳ ಅಧ್ಯಯನ ಇದಕ್ಕೆ ಬಲ ಕೊಟ್ಟಿತು. ಹೀರಿಸಿಕೊಂಡವರಲ್ಲಿ ಒಂದು ವರ್ಷದೊಳಗಿನ ಸಾವು ಕಡಿಮೆಯಿತ್ತು. ಆಂಜಿಯೋಪ್ಲಾಸ್ಟಿ ಮಾಡುವ ಜಗತ್ತಿನ ಕ್ಯಾಥ್ ಲ್ಯಾಬ್‌ಗಳು ಈ ನಳಿಕೆಯನ್ನು ತರಿಸಿಕೊಂಡವು. ಆದರೆ ವಿಜ್ಞಾನ ಅಲ್ಲಿಗೆ ನಿಲ್ಲಲಿಲ್ಲ. 2013ರಲ್ಲಿ ಸ್ವೀಡನ್ ನೇತೃತ್ವದಲ್ಲಿ 7,244 ರೋಗಿಗಳ ಮೇಲೆ ನಡೆದ ‘ಟೇಸ್ಟ್’ ಅಧ್ಯಯನದ ಫಲಿತಾಂಶ ಬಂತು. 30 ದಿನಗಳೊಳಗಿನ ಸಾವು ಹೀರಿಸಿಕೊಂಡವರಲ್ಲಿ ಶೇ 2.8, ಹೀರಿಸಿಕೊಳ್ಳದವರಲ್ಲಿ ಶೇ 3.0, ವ್ಯತ್ಯಾಸ ಇಲ್ಲವೆಂದೇ ಲೆಕ್ಕ. 2015ರಲ್ಲಿ 20 ದೇಶಗಳ 10,732 ರೋಗಿಗಳ ‘ಟೋಟಲ್’ ಅಧ್ಯಯನವೂ ಅದನ್ನೇ ಹೇಳಿತು. ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟಿತು: ಹೀರಿಸಿಕೊಂಡವರಲ್ಲಿ 30 ದಿನಗಳೊಳಗೆ ಪಾರ್ಶ್ವವಾಯು ಶೇ 0.7, ಉಳಿದವರಲ್ಲಿ ಶೇ 0.3. ನಳಿಕೆಯನ್ನು ಹಿಂದಕ್ಕೆಳೆಯುವಾಗ ಅದರ ತುದಿಗೆ ಅಂಟಿದ ಹೆಪ್ಪು ಜಾರಿ ಮಿದುಳಿನ ದಾರಿ ಹಿಡಿಯಬಹುದು ಎಂಬುದು ಒಂದು ವಿವರಣೆ. ಈಗ ಎಲ್ಲರಿಗೂ ಹೀರುವ ರೂಢಿಯಿಲ್ಲ. ನಾಳದ ತುಂಬ ದೊಡ್ಡ ಹೆಪ್ಪು ಉಳಿದಾಗ ವೈದ್ಯರು ನೋಡಿ ನಿರ್ಧರಿಸುತ್ತಾರೆ.

ಹೀರಿದ್ದು ಏಕೆ ಸಾಲಲಿಲ್ಲ? ಒಂದು ಸಂಭವನೀಯ ಕಾರಣ: ನಳಿಕೆ ನಾಳವನ್ನು ತಲುಪುವ ಹೊತ್ತಿಗೆ ಒಂದಷ್ಟು ಸ್ನಾಯು ಸತ್ತಾಗಿರುತ್ತದೆ. ಸತ್ತದ್ದನ್ನು ಯಾವ ಸಾಧನವೂ ಎಬ್ಬಿಸಲಾರದು. ಉಳಿಸುವುದಾದರೆ ಸಮಯವನ್ನೇ ಉಳಿಸಬೇಕು.

ಈ ಮಾತನ್ನು ಭದ್ರಾವತಿಗೆ ಅನ್ವಯಿಸಿ ನೋಡಿ. ಅಲ್ಲಿಂದ ಕ್ಯಾಥ್ ಲ್ಯಾಬ್ ಇರುವ ಜಿಲ್ಲಾಕೇಂದ್ರ ಶಿವಮೊಗ್ಗಕ್ಕೆ ಬಿ.ಎಚ್. ರಸ್ತೆಯಲ್ಲಿ ಸುಮಾರು 20 ಕಿ.ಮೀ. ಇಸಿಜಿಯಲ್ಲಿ ಹೃದಯಾಘಾತ ಖಚಿತವಾದ 120 ನಿಮಿಷಗಳೊಳಗೆ ನಾಳ ತೆರೆಯುವಂತಿದ್ದರೆ ನೇರ ಆಂಜಿಯೋಪ್ಲಾಸ್ಟಿಯೇ ಉತ್ತಮ ಎನ್ನುತ್ತದೆ ವೈದ್ಯಕೀಯ ಮಾರ್ಗಸೂಚಿ. ಭದ್ರಾವತಿಯವರಿಗೆ ಇದು ಸಾಧ್ಯ. ಅದೇ ಜಿಲ್ಲೆಯ ಹೊಸನಗರ, ಸೊರಬದ ಒಳಹಳ್ಳಿಗಳಿಗೆ ಕಷ್ಟ. ಅಂಥವರಿಗೆ ಹತ್ತಿರದಲ್ಲೇ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಕೊಟ್ಟು, ತಡಮಾಡದೆ ಕ್ಯಾಥ್ ಲ್ಯಾಬ್ ಇರುವ ಕಡೆಗೆ ಕಳಿಸಬೇಕು. ರಾಜ್ಯ ಸರ್ಕಾರ 2024ರಲ್ಲಿ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ತಿರುಳೂ ಇದೇ: ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ, ದೂರದಲ್ಲಿರುವ ತಜ್ಞರಿಂದ ಅದರ ವಿಶ್ಲೇಷಣೆ, ಬೇಕಾದವರಿಗೆ ಈ ದುಬಾರಿ ಚುಚ್ಚುಮದ್ದು ಉಚಿತ.

ಆದರೆ ಭದ್ರಾವತಿಯಲ್ಲಿ ಸಮಯ ಸೋರುವುದು ರಸ್ತೆಯಲ್ಲಿ ಅಲ್ಲ, ಮನೆಯಲ್ಲಿ. ಎದೆ ಬಿಗಿಯಿತು, ಬೆವರು ಕಿತ್ತುಬಂತು, ನೋವು ಎಡತೋಳಿಗೋ ದವಡೆಗೋ ಹಬ್ಬಿತು. ಆದರೂ ‘ಗ್ಯಾಸ್ಟ್ರಿಕ್ ಇರಬೇಕು, ಬೆಳಿಗ್ಗೆ ನೋಡೋಣ’ ಎಂದು ಸೋಡಾ ಕುಡಿದು ಮಲಗುತ್ತೇವೆ. ಮಹಿಳೆಯರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ನೋವೇ ಕಾಣದೆ ಬರೀ ಸುಸ್ತು, ಏದುಸಿರು ಇರಬಹುದು. ಅವರು ಇನ್ನೂ ತಡವಾಗಿ ಆಸ್ಪತ್ರೆ ಸೇರುತ್ತಾರೆ. ಆದ್ದರಿಂದ ರಾತ್ರಿಯೂ ತೆರೆದಿರುವ ಕ್ಯಾಥ್ ಲ್ಯಾಬ್ ಶಿವಮೊಗ್ಗದ ಯಾವ ಆಸ್ಪತ್ರೆಯಲ್ಲಿದೆ ಎಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ. ಲಕ್ಷಣ ಕಂಡರೆ 108ಕ್ಕೆ ಕರೆ ಮಾಡಿ. ರೋಗಿಯೇ ಬೈಕ್ ಓಡಿಸಿಕೊಂಡು ಹೋಗುವುದು ಬೇಡ. ಎದೆನೋವಿಗೆ ಮೊದಲು ಇಸಿಜಿ, ಗ್ಯಾಸ್ಟ್ರಿಕ್ ಮಾತ್ರೆ ಆಮೇಲೆ.