ಬ್ರಾಹ್ಮಿ ಎಂದರೆ ಯಾವ ಬ್ರಾಹ್ಮಿ?

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಬ್ರಾಹ್ಮಿ ಎಂದರೆ ತಂಬುಳಿಯ ಒಂದೆಲಗ. ಆಯುರ್ವೇದದ ಔಷಧಕೋಶದ ಪ್ರಕಾರ ಬ್ರಾಹ್ಮಿ ಎಂದರೆ ನೀರುಬ್ರಾಹ್ಮಿ. ಕೆಸರಿನ ಮೇಲೆ ಹರಡುವ, ಪುಟ್ಟ ದಪ್ಪ ಎಲೆಗಳ ಬೇರೆಯೇ ಗಿಡ. ಹಸಿಯಾಗಿದ್ದರೆ ಇವೆರಡನ್ನೂ ಮಕ್ಕಳು ಸಹ ಗುರುತಿಸಿಯಾರು. ಒಣಗಿಸಿ, ಪುಡಿಮಾಡಿ, ಕ್ಯಾಪ್ಸೂಲಿಗೆ ತುಂಬಿದರೆ ಎರಡೂ ಬರೀ ಹಸಿರು ಪುಡಿ. ಗಿಡಮೂಲಿಕೆಗಳ ಆಹಾರ ಪೂರಕಗಳನ್ನು ಪರೀಕ್ಷಿಸುವ ಪ್ರಯೋಗಾಲಯದ ಮೊದಲ ಪ್ರಶ್ನೆಯೂ ಇದೇ: ಇದು ಯಾವ ಗಿಡ?

ಈ ಪ್ರಶ್ನೆ ಕೇಳದೆ ಹೋದರೆ ಏನಾಗುತ್ತದೆಂದು 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್ ನಗರ ಕಂಡಿತು. ತೂಕ ಇಳಿಸಲು ಚೀನಾದ ಮೂಲಿಕೆಯ ಮಾತ್ರೆ ನುಂಗಿದ ಮಹಿಳೆಯರ ಮೂತ್ರಪಿಂಡಗಳು ಒಬ್ಬೊಬ್ಬರದಾಗಿ ಸೋಲತೊಡಗಿದವು. ಚೀನೀ ಭಾಷೆಯಲ್ಲಿ ‘ಫಾಂಗ್ ಜಿ’ ಎಂಬ ಹೆಸರು ಒಂದಕ್ಕಿಂತ ಹೆಚ್ಚು ಗಿಡಗಳಿಗಿದೆ. ಮಾತ್ರೆಯಲ್ಲಿ ಸ್ಟೆಫಾನಿಯಾ ಎಂಬ ಗಿಡ ಇರಬೇಕಾದಲ್ಲಿ ಅರಿಸ್ಟೊಲೋಕಿಯಾ ಸೇರಿತ್ತು. ಅದರ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ. ನೂರಕ್ಕೂ ಹೆಚ್ಚು ಮಂದಿ ಇದಕ್ಕೆ ತುತ್ತಾದರು. ನಮ್ಮ ಕಾಡಿನ ಈಶ್ವರಿ ಬಳ್ಳಿಯೂ ಅರಿಸ್ಟೊಲೋಕಿಯಾ ಕುಲಕ್ಕೆ ಸೇರಿದ್ದು.

ಆದ್ದರಿಂದಲೇ ಪರೀಕ್ಷಕರು ಒಂದೇ ಸಾಕ್ಷಿಯನ್ನು ನಂಬುವುದಿಲ್ಲ. ಚೀಲದ ಮೇಲೆ, ನಡುವೆ, ತಳದಲ್ಲಿ ಮಾದರಿ ತೆಗೆಯುತ್ತಾರೆ. ಪುಡಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಎಲೆಯ ರೋಮ, ಪಿಷ್ಟದ ಕಣ, ನಾರುಗಳನ್ನು ನೋಡುತ್ತಾರೆ. ಆಮೇಲೆ ಅದರ ಸಾರವನ್ನು ಸಿಲಿಕಾ ಲೇಪಿಸಿದ ತಟ್ಟೆಯ ಅಂಚಿಗೆ ಹಚ್ಚಿ, ದ್ರಾವಕದಲ್ಲಿ ನಿಲ್ಲಿಸುತ್ತಾರೆ. ದ್ರಾವಕ ಮೇಲೇರಿದಂತೆ ಘಟಕಗಳು ಬೇರೆಯಾಗಿ ಪಟ್ಟಿಗಳಾಗಿ ನಿಲ್ಲುತ್ತವೆ. ನೀರುಬ್ರಾಹ್ಮಿಯ ಬ್ಯಾಕೊಸೈಡ್‌ ಒಂದು ಬಗೆಯ ಗುರುತು, ಒಂದೆಲಗದ ಏಷಿಯಾಟಿಕೊಸೈಡ್‌ ಇನ್ನೊಂದು. ಡಿಎನ್‌ಎ ಪರೀಕ್ಷೆಯೂ ಇದೆ. ಆದರೆ ಕಾಯಿಸಿ, ಬಸಿದು ತೆಗೆದ ಸಾರದಲ್ಲಿ ಡಿಎನ್‌ಎ ಬಹುಪಾಲು ನಾಶವಾಗಿರುತ್ತದೆ. ಅಲ್ಲಿ ರಸಾಯನವೇ ಸಾಕ್ಷಿ ಹೇಳಬೇಕು.

ಗಿಡ ಸರಿಯಿದ್ದರೂ ಮಣ್ಣು ಸರಿಯಿರಬೇಕಲ್ಲ? ಆಮ್ಲದಲ್ಲಿ ಕರಗಿಸಿದ ಮಾದರಿಯಲ್ಲಿ ಮಣ್ಣಿನಿಂದ ಬಂದ ಲೋಹಗಳನ್ನು ಯಂತ್ರ ಅಳೆಯುತ್ತದೆ. ಆಯುರ್ವೇದ ಔಷಧಕೋಶದ ಮಿತಿಯಂತೆ ಮೂಲಿಕೆಯ ಒಂದು ಕಿಲೋದಲ್ಲಿ ಸೀಸ 10 ಮಿಲಿಗ್ರಾಂ, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಮೀರಬಾರದು. ಸರಿಯಾಗಿ ಒಣಗಿಸದ ಬೇರಿನಲ್ಲಿ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಬಂದಿದೆಯೇ, ಕೀಟನಾಶಕ ಉಳಿದಿದೆಯೇ ಎಂದೂ ನೋಡುತ್ತಾರೆ. ಕೆಲವೊಮ್ಮೆ ಮೋಸವೇ ಇರುತ್ತದೆ: ತೂಕ ಇಳಿಸುವ ಪುಡಿಯಲ್ಲಿ ನಿಷೇಧಿತ ಔಷಧ ಸಿಬುಟ್ರಾಮಿನ್, ಕೀಲುನೋವಿನ ಪುಡಿಯಲ್ಲಿ ಸ್ಟೆರಾಯ್ಡ್. ಬೇಗ ಗುಣ ಕಂಡಿತೆಂದು ಹಿಗ್ಗುವ ಮೊದಲು ಅದು ಮೂಲಿಕೆಯ ಗುಣವೇ ಎಂದು ಕೇಳಬೇಕಾದದ್ದು ಇದಕ್ಕೇ.

ಭಾರತದಲ್ಲಿ ಈ ಪೂರಕಗಳಿಗೆಂದೇ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2016ರಲ್ಲಿ ನಿಯಮ ರೂಪಿಸಿತು. 1950ರಲ್ಲಿ ಆರಂಭವಾದ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಆಹಾರ ಪರೀಕ್ಷೆಯ ದೊಡ್ಡ ನೆಲೆ.

ಪ್ರಯೋಗಾಲಯದ ವರದಿ ಪರೀಕ್ಷಿಸಿದ ಒಂದು ಬ್ಯಾಚಿನ ಸರಕಿಗೆ ಮಾತ್ರ ಸಲ್ಲುತ್ತದೆ. ಮುಂದಿನ ಚೀಲಕ್ಕೆ ಮತ್ತೆ ಮೊದಲಿನಿಂದ ಪರೀಕ್ಷೆ. ಅಂಗಡಿಯಲ್ಲಿ ನಾವು ಮಾಡಬಹುದಾದದ್ದು ಸರಳ. ಚೀಟಿಯ ಮೇಲೆ ಗಿಡದ ಸಸ್ಯಶಾಸ್ತ್ರೀಯ ಹೆಸರು, ಬಳಸಿದ ಭಾಗ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ ಹುಡುಕೋಣ. ಅಜ್ಜಿಗೆ ಹಿತ್ತಲಿನ ಒಂದೆಲಗದ ಪರಿಚಯವಿತ್ತು, ಚೀಟಿ ಬೇಕಿರಲಿಲ್ಲ. ಊರು ಗೊತ್ತಿಲ್ಲದ ಪುಡಿಯನ್ನು ನುಂಗುವ ನಮಗೆ ಆ ಪರಿಚಯ ಮಾಡಿಕೊಡುವವರು ಬೇಕು.